ಕೇಳುವವರು

ಗೊರೂರಿನಲ್ಲಿ ಈಗ ಬೆಳಗಿನ ಜಾವ ಮೊದಲು ಎಚ್ಚರಗೊಳ್ಳುವುದು ದೇವಸ್ಥಾನವಲ್ಲ, ಬಸ್ಸು. ಯೋಗಾನರಸಿಂಹಸ್ವಾಮಿಯ ಗುಡಿಯ ಬಾಗಿಲು ತೆರೆಯುವ ಹೊತ್ತಿಗೆ ಮುಂಚೆಯೇ ಕಾರ್ಖಾನೆಯ ಬಸ್ಸೊಂದು ಬಂದು ನಿಂತು ಎರಡು ಸಲ ಹಾರನ್ ಬಾರಿಸುತ್ತದೆ. ಸ್ವೆಟರಿನ ಮೇಲೆ ಸೆರಗು ಹೊದ್ದ, ಕೈಯಲ್ಲಿ ಊಟದ ಡಬ್ಬಿ ಹಿಡಿದ ಹೆಣ್ಣುಮಕ್ಕಳು ಕತ್ತಲಿನೊಳಗಿಂದ ಒಬ್ಬೊಬ್ಬರಾಗಿ ಬಂದು ಹತ್ತುತ್ತಾರೆ. ಹೇಮಾವತಿಯ ಮೇಲಿನಿಂದ ಬೀಸುವ ತಣ್ಣನೆಯ ಗಾಳಿಗೆ ಕಿವಿ ಮುಚ್ಚಿಕೊಂಡು ವಾಕಿಂಗ್ ಹೊರಟ ನನ್ನಂಥ ನಿವೃತ್ತರಿಗೆ ಅದು ದಿನವೂ ಕಾಣುವ ನೋಟ. ಬಸ್ಸು ಹಾಸನದ ದಿಕ್ಕಿಗೆ ಹೋಗುತ್ತದೆ. ಅದರೊಳಗಿನವರು ಸಂಜೆಯವರೆಗೆ ಅಂಗಿಯ ಕಾಲರು, ತೋಳು, ಜೇಬು ಹೊಲಿಯುತ್ತಾರೆ. ಆ ಅಂಗಿಗಳು ಸಮುದ್ರ ದಾಟಿ ನಾವು ಹೆಸರು ಮಾತ್ರ ಕೇಳಿರುವ ಪಟ್ಟಣಗಳಲ್ಲಿ ಮಾರಾಟವಾಗುತ್ತವೆ. ನಮ್ಮ ಊರಿನ ಬಗೆಗೆ ಬರೆದವರು ಬಹಳ ಮಂದಿ. ಆದರೆ ಈ ಬಸ್ಸಿನ ಬಗೆಗೆ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಆ ಬಸ್ಸಿನಲ್ಲಿ ಹೋಗುವವರಲ್ಲಿ ಒಬ್ಬಾಕೆ ನನ್ನ ಹಳೆಯ ವಿದ್ಯಾರ್ಥಿನಿ. ಬಿ.ಎ. ತರಗತಿಯಲ್ಲಿ ಕನ್ನಡ ಐಚ್ಛಿಕ ತೆಗೆದುಕೊಂಡಿದ್ದಳು. ಹಳಗನ್ನಡ ಪದ್ಯಗಳನ್ನು ಸಂಧಿ ಬಿಡಿಸಿ ಓದುವುದರಲ್ಲಿ ಚುರುಕು. ಒಂದು ಭಾನುವಾರ ಮನೆಗೆ ಬಂದಾಗ ಕಾರ್ಖಾನೆಯಲ್ಲಿ ಆ ವಾರ ನಡೆದ ‘ಆಡಿಟ್’ನ ಸಂಗತಿ ಹೇಳಿದಳು. ಆಡಿಟ್ ಎಂದರೆ ಹಣದ ಲೆಕ್ಕವಲ್ಲ. ಕೆಲಸಗಾರರನ್ನು ನ್ಯಾಯವಾಗಿ ನಡೆಸಿಕೊಳ್ಳುತ್ತಿದ್ದಾರೆಯೆ, ಕೂಲಿ ಸರಿಯಾಗಿ ಸಲ್ಲುತ್ತಿದೆಯೆ, ಹೊತ್ತು ಮೀರಿ ದುಡಿಸುತ್ತಿದ್ದಾರೆಯೆ ಎಂದು ನೋಡಲು ಹೊರದೇಶದ ಖರೀದಿದಾರರು ಕಳಿಸುವ ತಪಾಸಣೆ. ಹಿಂದಿನ ದಿನವೇ ಸುದ್ದಿ ಬಂದಿತ್ತಂತೆ. ಶೌಚಾಲಯಕ್ಕೆ ಹೊಸ ಸೋಪು ಬಂತು. ಬಾಗಿಲ ಬಳಿ ಪೇರಿಸಿದ್ದ ಪೆಟ್ಟಿಗೆಗಳು ಜಾಗ ಖಾಲಿ ಮಾಡಿದವು. ಮೂಗಿಗೆ ಕಟ್ಟಿಕೊಳ್ಳುವ ಮಾಸ್ಕುಗಳನ್ನು ಹಂಚಿದರು. ಗುರಿ ಮುಟ್ಟಲಿಲ್ಲವೆಂದು ದಿನವೂ ಕೂಗಾಡುತ್ತಿದ್ದ ಸೂಪರ್‌ವೈಸರ್ ಅಂದು ಎಲ್ಲರನ್ನೂ ‘ಅಮ್ಮಾ’ ಎಂದು ಕರೆದ. ಬಂದ ಅಧಿಕಾರಿಗೆ ಕನ್ನಡ ಬಾರದು. ಕಂಪನಿಯ ಸಿಬ್ಬಂದಿ ವಿಭಾಗದವರೊಬ್ಬರು ಪಕ್ಕದಲ್ಲಿ ನಿಂತು ಪ್ರಶ್ನೆಯನ್ನು ಕನ್ನಡಕ್ಕೂ ಉತ್ತರವನ್ನು ಇಂಗ್ಲಿಷಿಗೂ ತಿರುಗಿಸಿದರು.

“ನೀನೇನು ಹೇಳಿದೆಯಮ್ಮಾ?” ಎಂದೆ.

“ಏನ್ ಹೇಳಾದು ಸಾರ್? ಎಲ್ಲಾ ಚೆನ್ನಾಗೈತೆ ಅಂದೆ. ಅವರೂ ಬರಕೊಂಡ್ರು.”

ನನಗೆ ನಗು ಬಂತು. ಆಮೇಲೆ ನಕ್ಕದ್ದಕ್ಕೆ ನಾಚಿಕೆಯಾಯಿತು. ನಗು ಬಂದದ್ದು ಬಾಲ್ಯದ ನೆನಪಿನಿಂದ. ನಾನು ಓದಿದ ಒಂದು ಪ್ರಾಥಮಿಕ ಶಾಲೆಗೆ ಇನ್ಸ್‌ಪೆಕ್ಟರು ಬರುವ ಹಿಂದಿನ ದಿನ ನೆಲಕ್ಕೆ ಸಗಣಿ ಸಾರಿಸಿ, ಬಾಗಿಲಿಗೆ ಮಾವಿನ ಸೊಪ್ಪು ಕಟ್ಟುತ್ತಿದ್ದೆವು. ಮೇಷ್ಟ್ರು ನಮಗೊಂದು ಉಪಾಯ ಕಲಿಸಿದ್ದರು: ಪ್ರಶ್ನೆ ಕೇಳಿದ ಕೂಡಲೆ ಎಲ್ಲರೂ ಕೈ ಎತ್ತಬೇಕು, ಉತ್ತರ ಬಲ್ಲವರು ಬಲಗೈ, ಬಾರದವರು ಎಡಗೈ. ಇನ್ಸ್‌ಪೆಕ್ಟರು ಪುಸ್ತಕದಲ್ಲಿ ಒಳ್ಳೆಯ ಮಾತು ಬರೆದು, ಎಳನೀರು ಕುಡಿದು ಹೊರಡುತ್ತಿದ್ದರು. ಎಡಗೈ ಎತ್ತಿದವರ ಸಂಖ್ಯೆ ಮೇಷ್ಟ್ರಿಗೂ ನಮಗೂ ಮಾತ್ರ ಗೊತ್ತು. ಐದು ದಶಕ ಕಳೆದ ಮೇಲೆ, ಅಂತರರಾಷ್ಟ್ರೀಯ ಪ್ರಮಾಣಪತ್ರಗಳ ಕಾಲದಲ್ಲಿ, ಅದೇ ಎಡಗೈ ಬಲಗೈಯ ಆಟ ದೊಡ್ಡವರ ನಡುವೆ ನಡೆಯುತ್ತಿದೆಯಲ್ಲಾ ಎನ್ನಿಸಿತು.

‘ಆಡಿಟ್’ ಎಂಬ ಮಾತಿನ ಮೂಲ ಲ್ಯಾಟಿನ್ ಭಾಷೆಯದು. ಅಲ್ಲಿ ಅದರ ಧಾತುವಿಗೆ ‘ಕೇಳಿಸಿಕೊ’ ಎಂದು ಅರ್ಥ. ಓದು ಬರಹ ಬಲ್ಲವರು ವಿರಳವಾಗಿದ್ದ ಕಾಲದಲ್ಲಿ ಯುರೋಪಿನ ಜಮೀನುದಾರರ ಮುಂದೆ ಲೆಕ್ಕವನ್ನು ಗಟ್ಟಿಯಾಗಿ ಓದಿ ಒಪ್ಪಿಸುತ್ತಿದ್ದರು. ಅದನ್ನು ಕಿವಿಗೊಟ್ಟು ಕೇಳುವವನೇ ಆಡಿಟರು. ಈಗ ಆತ ಕಣ್ಣಿನಿಂದ ಕಾಗದ ನೋಡುವವನಾಗಿದ್ದಾನೆ. ಕನ್ನಡದ ‘ಕೇಳು’ ಎಂಬ ಕ್ರಿಯಾಪದ ಇದಕ್ಕಿಂತ ಸ್ವಾರಸ್ಯವಾದದ್ದು. ಕಿವಿಗೊಡುವುದೂ ಕೇಳುವುದೇ, ಪ್ರಶ್ನಿಸುವುದೂ ಕೇಳುವುದೇ, ಬೇಕಾದದ್ದನ್ನು ಬೇಡುವುದೂ ಕೇಳುವುದೇ. ‘ನಮ್ಮನ್ನು ಕೇಳುವವರಿಲ್ಲ’ ಎಂದು ಹಳ್ಳಿಯ ಮುದುಕಿ ನಿಟ್ಟುಸಿರಿಟ್ಟರೆ ಅದರಲ್ಲಿ ಈ ಅರ್ಥಗಳೆಲ್ಲ ಒಟ್ಟಿಗೆ ಇರುತ್ತವೆ. ದುಡಿಮೆಯ ನ್ಯಾಯವನ್ನು ತಪಾಸಣೆ ಮಾಡುವ ಚರಿತ್ರೆಯನ್ನು ಈ ಒಂದು ಕ್ರಿಯಾಪದದ ಬೆಳಕಿನಲ್ಲಿ ನೋಡಬಹುದೆಂದು ನನ್ನ ಎಣಿಕೆ: ಯಾರು ಕೇಳಿದರು, ಯಾರನ್ನು ಕೇಳಿದರು, ಯಾರ ಮಾತು ಕೇಳಿಸಿತು.

ನಮ್ಮ ಹಾಸನ ಜಿಲ್ಲೆ ಶಾಸನಗಳ ಜಿಲ್ಲೆ. ದೇವಾಲಯಕ್ಕೆ ದತ್ತಿ ಬಿಟ್ಟ ಹೊಯ್ಸಳರ ಕಾಲದ ಶಾಸನಗಳನ್ನು ಓದಿದವರಿಗೆ ಗೊತ್ತು: ಪೂಜಾರಿಗೆ ಇಷ್ಟು, ಹೂ ಕಟ್ಟುವವನಿಗೆ ಇಷ್ಟು, ವಾದ್ಯದವನಿಗೆ ಇಷ್ಟು ಎಂದು ದುಡಿಯುವವರ ಪಾಲನ್ನು ಕಲ್ಲಿನ ಮೇಲೆ ಕೊರೆದಿರುವುದುಂಟು. ಕೊನೆಯಲ್ಲಿ, ಇದನ್ನು ಅಳಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲೆಂಬ ಶಾಪ. ಆ ಕಾಲದಲ್ಲಿ ತಪಾಸಣೆಯ ಅಧಿಕಾರಿ ಎಂದರೆ ಆ ಶಾಪವೇ. ಅದು ಎಷ್ಟರಮಟ್ಟಿಗೆ ಕೆಲಸ ಮಾಡಿತೋ ಹೇಳುವುದು ಕಷ್ಟ. ಅಷ್ಟೊಂದು ಶಾಪಗಳನ್ನು ಕೊರೆಯಬೇಕಾಯಿತೆಂಬುದೇ ಅಳಿಯುವವರಿದ್ದರು ಎಂಬುದಕ್ಕೆ ಸಾಕ್ಷಿ. ಶರಣರ ಕಾಲಕ್ಕೆ ಬಂದರೆ ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪಾಗುತ್ತದೆ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಈ ಹೆಚ್ಚು ನಮಗೇಕೆ ಎಂದು ಕೇಳಿ ಹಿಂದಕ್ಕೆ ಕಳಿಸಿದ ಮಹಾತಾಯಿ ಆಕೆ. ನೂರಾರು ಸಲ ಪಾಠ ಹೇಳಿದ ಕಥೆ ಇದು. ಈಚೆಗೆ ಮಾತ್ರ ಒಂದು ಸಂದೇಹ ಹುಟ್ಟಿದೆ: ಅಲ್ಲಿಯೂ ಲೆಕ್ಕ ಕೇಳಿಸಿಕೊಂಡವನು ನೆಲದ ಮೇಲಿನ ಕಾಳು ಆಯುವವನೇ ಅಲ್ಲವೆ?

ದುಡಿಯುವವನನ್ನೇ ಲೆಕ್ಕ ಕೇಳುವ ಪದ್ಧತಿಗೆ ಇಂಗ್ಲಿಷರ ಆಡಳಿತ ಕಾನೂನಿನ ರೂಪ ಕೊಟ್ಟಿತು. ೧೮೫೯ರ ಕರಾರುಭಂಗದ ಕಾಯಿದೆಯ ಪ್ರಕಾರ, ಮುಂಗಡ ಪಡೆದ ಕೆಲಸಗಾರ ಕೆಲಸ ಬಿಟ್ಟುಹೋದರೆ ಮೂರು ತಿಂಗಳವರೆಗೆ ಸೆರೆಮನೆ. ಮುಂಗಡ ಕೊಟ್ಟವನು ಎಂಥ ಗುಡಿಸಲು ಕೊಟ್ಟ, ಎಷ್ಟು ಕೂಲಿ ಕೊಟ್ಟ ಎಂಬುದನ್ನು ಆ ಕಾಯಿದೆ ಕೇಳಲಿಲ್ಲ. ನಮ್ಮ ಮಲೆನಾಡಿನ ಕಾಫಿ ತೋಟಗಳ ಮೇಸ್ತ್ರಿ ಮತ್ತು ಮುಂಗಡದ ಪದ್ಧತಿಯನ್ನು ಬಲ್ಲವರಿಗೆ ಇದರ ರುಚಿ ಬಿಡಿಸಿ ಹೇಳಬೇಕಾಗಿಲ್ಲ.

ಕಾರ್ಖಾನೆಯ ಯಜಮಾನನನ್ನು ಕೇಳುವ ಮೊದಲ ಕಾನೂನು ನಮ್ಮ ದೇಶಕ್ಕೆ ಬಂದದ್ದು ೧೮೮೧ರಲ್ಲಿ. ಏಳು ವರ್ಷಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳನ್ನು ದುಡಿಸಬಾರದು, ಏಳರಿಂದ ಹನ್ನೆರಡರವರಿಗೆ ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ಕೆಲಸ ಕೂಡದು ಎಂದು ಅದು ವಿಧಿಸಿತು. ಒಂಬತ್ತು ಗಂಟೆ ಎಂಬುದು ಆಗ ದಯೆ! ಆ ದಯೆಯ ಹಿಂದೆ ಇನ್ನೊಂದು ಲೆಕ್ಕವೂ ಇದ್ದಿತು. ಮುಂಬಯಿಯ ಗಿರಣಿಗಳು ಅಗ್ಗದ ದುಡಿಮೆಯಿಂದ ತಮ್ಮ ಬಟ್ಟೆಗೆ ಪೈಪೋಟಿ ಕೊಡುತ್ತಿವೆ ಎಂದು ಲ್ಯಾಂಕಷೈರಿನ ಗಿರಣಿ ಮಾಲೀಕರು ಪಾರ್ಲಿಮೆಂಟಿನಲ್ಲಿ ಒತ್ತಡ ತಂದಿದ್ದರು. ಕೊಳ್ಳುವ ಮತ್ತು ಮಾರುವ ದೇಶಗಳ ಹಿತಾಸಕ್ತಿ ಕೂಲಿಕಾರನ ಮೇಲಿನ ಕನಿಕರದ ಜೊತೆಗೆ ಹೀಗೆ ಬೆರೆತುಕೊಂಡೇ ಬಂದಿದೆ. ಇಂದಿಗೂ ಅವನ್ನು ಬೇರ್ಪಡಿಸುವುದು ಸುಲಭವಲ್ಲ.

ಕಾನೂನು ಬಂದ ಮೂರು ವರ್ಷಕ್ಕೆ, ೧೮೮೪ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರು ಮುಂಬಯಿಯ ಗಿರಣಿ ಕೆಲಸಗಾರರ ಸಭೆ ಸೇರಿಸಿದರು. ಜ್ಯೋತಿಬಾ ಫುಲೆಯವರ ಒಡನಾಡಿ ಅವರು. ಸಾವಿರಾರು ಜನ ಒಪ್ಪಿ ಕಳಿಸಿದ ಆ ಮನವಿಯಲ್ಲಿ ಕೇಳಿದ್ದು ಕೆಲವೇ ಸಂಗತಿಗಳು: ಭಾನುವಾರ ರಜೆ, ಮಧ್ಯಾಹ್ನ ಅರ್ಧ ಗಂಟೆ ವಿರಾಮ, ಸೂರ್ಯ ಮುಳುಗಿದ ಮೇಲೆ ಕೆಲಸ ಬೇಡ, ಸಂಬಳ ಮುಂದಿನ ತಿಂಗಳ ಹದಿನೈದರೊಳಗೆ ಕೈಸೇರಲಿ, ಕೆಲಸದಲ್ಲಿ ಅಂಗ ಊನವಾದರೆ ಪರಿಹಾರ ಸಿಗಲಿ. ಸರಕಾರದ ಕಾಯಿದೆ ಮಗುವಿನ ವಯಸ್ಸನ್ನು ಎಣಿಸುತ್ತಿದ್ದಾಗ ಕೆಲಸಗಾರರು ತಮ್ಮ ದಿನ ಹೇಗೆ ಕಳೆಯುತ್ತದೆಂಬುದನ್ನೇ ಹೇಳಿದರು. ಭಾನುವಾರದ ರಜೆಯನ್ನು ಮಾಲೀಕರು ಒಪ್ಪಿದ್ದು ೧೮೯೦ರಲ್ಲಿ. ಈ ಭಾಷಣವನ್ನು ಭಾನುವಾರ ಮನೆಯಲ್ಲಿ ಕುಳಿತು ಕೇಳುತ್ತಿರುವವರು ಲೋಖಂಡೆಯವರನ್ನು ಒಮ್ಮೆ ನೆನೆದರೆ ತಪ್ಪಲ್ಲ.

ತಪಾಸಣೆಯ ಜೊತೆಗೆ ತಪಾಸಣೆಯಿಂದ ತಪ್ಪಿಸಿಕೊಳ್ಳುವ ವಿದ್ಯೆಯೂ ಬೆಳೆಯಿತು. ಗಿರಣಿಗಳಲ್ಲಿ ಅರ್ಧ ದಿನ ದುಡಿಯಬೇಕಾದ ಮಗು ಎರಡು ಹೆಸರಿನಲ್ಲಿ ಎರಡು ಪ್ರಮಾಣಪತ್ರ ಪಡೆದು, ಬೆಳಿಗ್ಗೆ ಒಂದು ಗಿರಣಿಯಲ್ಲಿ, ಮಧ್ಯಾಹ್ನ ಇನ್ನೊಂದರಲ್ಲಿ ದುಡಿಯುತ್ತಿದ್ದುದುಂಟು. ಕಾಗದ ನೋಡಿದರೆ ಎರಡು ಕಡೆಯೂ ಸರಿ. ಮಗುವನ್ನು ನೋಡಿದರೆ ಮಾತ್ರ ತಿಳಿಯಬೇಕು.

ಸ್ವಾತಂತ್ರ್ಯ ಬಂದ ಮರುವರ್ಷ ಬಂದ ೧೯೪೮ರ ಕಾರ್ಖಾನೆ ಕಾಯಿದೆಯನ್ನು ಸಾಹಿತ್ಯದ ವಿದ್ಯಾರ್ಥಿಗಳೂ ಒಮ್ಮೆ ಓದಬೇಕೆಂದು ನನ್ನ ಸಲಹೆ. ಗಾಳಿ, ಬೆಳಕು, ಕುಡಿಯುವ ನೀರು, ಶೌಚಾಲಯ, ಶಿಶುವಿಹಾರ, ೨೫೦ಕ್ಕಿಂತ ಹೆಚ್ಚು ಜನರಿದ್ದಲ್ಲಿ ಕ್ಯಾಂಟೀನು, ಎಲ್ಲದಕ್ಕೂ ಒಂದೊಂದು ಕಲಂ. ೨೦ನೆಯ ಕಲಂ ಪೂರ್ತಿಯಾಗಿ ಉಗುಳುಪಾತ್ರೆಗಳಿಗೆ ಮೀಸಲು! ಎಲೆಯಡಿಕೆ ಹಾಕುವ ದೇಶವನ್ನು ಬಲ್ಲವರು ಬರೆದ ಕಾನೂನು ಅದು. ಇದನ್ನೆಲ್ಲ ನೋಡಲು ಸರಕಾರದ ಇನ್ಸ್‌ಪೆಕ್ಟರು. ಮುನ್ಸೂಚನೆಯಿಲ್ಲದೆ, ಹಗಲಾಗಲಿ ಇರುಳಾಗಲಿ ಕಾರ್ಖಾನೆಯನ್ನು ಹೊಗುವ ಅಧಿಕಾರ ಅವರಿಗಿರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ೧೯೪೭ರಲ್ಲಿ ಒಪ್ಪಂದ ಮಾಡಿತು. ಭಾರತ ೧೯೪೯ರಲ್ಲಿ ಅದಕ್ಕೆ ಸಹಿ ಹಾಕಿತು. ಕಾರ್ಖಾನೆಗಳು ಬೆಳೆದಂತೆ ಇನ್ಸ್‌ಪೆಕ್ಟರರ ಸಂಖ್ಯೆ ಬೆಳೆಯಲಿಲ್ಲ. ‘ಇನ್ಸ್‌ಪೆಕ್ಟರ್ ರಾಜ್ಯ’ವೆಂಬ ಬಯ್ಗುಳವೂ ಹುಟ್ಟಿಕೊಂಡಿತು. ಅದಕ್ಕೆ ಕಾರಣ ಇರಲಿಲ್ಲವೆಂದು ನಾನು ವಾದಿಸಲಾರೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ ಒಂದು ಸಂಗತಿ ಹೇಳಬೇಕು. ಕೊಳ್ಳುವವನ ಆತ್ಮಸಾಕ್ಷಿಯನ್ನು ದುಡಿಯುವವನ ಕೂಲಿಗೆ ಗಂಟುಹಾಕುವ ಪ್ರಯತ್ನ ಪಶ್ಚಿಮದ ದೊಡ್ಡ ಅಂಗಡಿಗಳು ಕಂಡುಹಿಡಿದದ್ದೆಂದು ಎಷ್ಟೋ ಜನರ ತಿಳಿವಳಿಕೆ. ಗೊರೂರಿನಂಥ ಊರಿನಲ್ಲಿ ಹುಟ್ಟಿದವನು ಅದನ್ನು ಒಪ್ಪುವುದು ಕಷ್ಟ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರು ಇದು. ಗಾಂಧೀಜಿಯವರ ದಾರಿಯನ್ನು ನಂಬಿದ ಆ ಹಿರಿಯರಿಂದಾಗಿ ಖಾದಿ ಎಂಬ ಮಾತು ನಮಗೆ ಬಟ್ಟೆಯ ಹೆಸರಷ್ಟೇ ಆಗಿರಲಿಲ್ಲ. ಗಾಂಧೀಜಿ ೧೯೨೫ರಲ್ಲಿ ಸ್ಥಾಪಿಸಿದ ಅಖಿಲ ಭಾರತ ಚರಕಾ ಸಂಘ ಖಾದಿ ಮಾರುವ ಅಂಗಡಿಗಳಿಗೆ ಪ್ರಮಾಣಪತ್ರ ಕೊಡುತ್ತಿತ್ತು. ಮೊದಲ ಹತ್ತು ವರ್ಷ ಸಂಘದ ಚಿಂತೆ ಖಾದಿಯನ್ನು ಹೇಗೆ ಅಗ್ಗ ಮಾಡುವುದು ಎಂಬುದು. ಖಾದಿ ಅಗ್ಗವಾದಂತೆ ನೂಲುವ ಹೆಂಗಸಿನ ಕೈಗೆ ಬೀಳುವ ಕಾಸು ದಿನಕ್ಕೆ ಒಂದಾಣೆಯ ಆಸುಪಾಸಿಗೆ ನಿಂತುಬಿಟ್ಟಿತು.

೧೯೩೫ರಲ್ಲಿ ಗಾಂಧೀಜಿ ತಮ್ಮ ಸಂಘವನ್ನೇ ಪ್ರಶ್ನಿಸಿದರು. ಬಡವರಿಗೆ ಅನ್ನ ಕೊಡುವೆವೆಂದು ಹೊರಟವರು ಬಡವರನ್ನೇ ಸುಲಿಯುತ್ತಿದ್ದೇವಲ್ಲವೆ ಎಂಬುದು ಅವರ ಪ್ರಶ್ನೆಯ ತಿರುಳು. ಎಂಟು ಗಂಟೆಯ ನೂಲುವಿಕೆಗೆ ಎಂಟಾಣೆ ಸಿಗಬೇಕೆಂಬುದು ಅವರ ಆಸೆ. ಬೆಲೆ ಏರಿದರೆ ಖಾದಿಯನ್ನು ಕೊಳ್ಳುವವರಾರು ಎಂದು ಕಾರ್ಯಕರ್ತರು ಗಾಬರಿಯಾದರು. ಆ ವರ್ಷದ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸಂಘ ಮಾಡಿದ ನಿರ್ಣಯ ಎಂಟಾಣೆಯವರೆಗೆ ಹೋಗಲಿಲ್ಲ. ಆದರೆ ಎಂಟು ಗಂಟೆಯ ಸಮರ್ಥ ದುಡಿಮೆಗೆ ಸಿಗುವ ಕೂಲಿ ಆಹಾರಶಾಸ್ತ್ರ ಹೇಳುವಷ್ಟು ಊಟಕ್ಕೂ ವರ್ಷಕ್ಕೆ ಇಪ್ಪತ್ತು ಗಜ ಬಟ್ಟೆಗೂ ಸಾಲಬೇಕೆಂದು ಅದು ಗೊತ್ತುಮಾಡಿತು. ಬದನವಾಳು, ತಗಡೂರುಗಳ ಖಾದಿ ಕೇಂದ್ರಗಳನ್ನು ನೋಡಿದ ಹಳೆಯ ಮೈಸೂರಿನವರಿಗೆ ಆ ಕಾಲದ ಉತ್ಸಾಹವೂ ಕಷ್ಟವೂ ತಿಳಿದದ್ದೇ. ನನಗೆ ಮುಖ್ಯವಾಗಿ ತೋರುವುದು ಇಷ್ಟು: ಆ ಲೆಕ್ಕದಲ್ಲಿ ಮೊದಲು ಇಟ್ಟದ್ದು ನೂಲುವವಳ ಹೊಟ್ಟೆಯನ್ನು, ಬಟ್ಟೆಯ ಬೆಲೆ ಅದರಿಂದ ಹೊರಟಿತು. ಈಗಿನ ಪದ್ಧತಿಯಲ್ಲಿ ಬೆಲೆಯನ್ನು ಮೊದಲು ಇಟ್ಟು ಹೊಟ್ಟೆಯನ್ನು ಕೊನೆಯಲ್ಲಿ ತಪಾಸಣೆ ಮಾಡುತ್ತಾರೆ.

ಈಗಿನ ಪದ್ಧತಿ ಹುಟ್ಟಿದ್ದು ೧೯೯೦ರ ದಶಕದಲ್ಲಿ. ಅಮೆರಿಕ, ಯುರೋಪುಗಳ ಬಟ್ಟೆ ಬೂಟುಗಳ ಕಂಪನಿಗಳು ತಾವು ಹೊಲಿಯುವುದನ್ನು ಬಿಟ್ಟು ಬಡದೇಶಗಳಲ್ಲಿ ಹೊಲಿಸತೊಡಗಿದ್ದವು. ಲೀವೈ ಸ್ಟ್ರಾಸ್ ಕಂಪನಿ ೧೯೯೧ರಲ್ಲಿ ಸರಕು ಒದಗಿಸುವವರಿಗೆ ಒಂದು ನೀತಿಸಂಹಿತೆ ವಿಧಿಸಿತು. ೧೯೯೬ರಲ್ಲಿ ‘ಲೈಫ್’ ಪತ್ರಿಕೆ ಪಾಕಿಸ್ತಾನದಲ್ಲಿ ಕಾಲ್ಚೆಂಡು ಹೊಲಿಯುತ್ತಿದ್ದ ಪುಟ್ಟ ಹುಡುಗನ ಚಿತ್ರ ಪ್ರಕಟಿಸಿದಾಗ ಕೊಳ್ಳುವವರ ಮನಸ್ಸು ಕಲಕಿತು. ಮರುವರ್ಷ ನ್ಯೂಯಾರ್ಕಿನ ಸಂಸ್ಥೆಯೊಂದು ಎಸ್.ಎ. ೮೦೦೦ ಎಂಬ ಮಾನದಂಡ ರೂಪಿಸಿತು. ಬಾಲಕಾರ್ಮಿಕರಿರಬಾರದು, ಜೀತ ಇರಬಾರದು, ಸಂಘ ಕಟ್ಟುವ ಹಕ್ಕಿರಬೇಕು, ಬದುಕಲು ಸಾಲುವ ಕೂಲಿ ಇರಬೇಕು. ಓದಿದರೆ ತಲೆದೂಗಬೇಕಾದ ಮಾತುಗಳೇ. ಆದರೆ ತಪಾಸಣೆಯೂ ಒಂದು ವ್ಯಾಪಾರವಾಯಿತು. ಬಹುಮಟ್ಟಿಗೆ ಅದರ ಶುಲ್ಕ ಕೊಡುವವರು ತಪಾಸಣೆಗೊಳಗಾಗುವ ಕಾರ್ಖಾನೆಯವರೇ. ಒಂದೆರಡು ದಿನ ಕಾಗದ ನೋಡಿ, ಕೆಲವರನ್ನು ಮಾತಾಡಿಸಿ ಪತ್ರ ಬರೆದುಕೊಟ್ಟರೆ ಕೆಲಸ ಮುಗಿಯಿತು.

ಆ ಪತ್ರದ ಬೆಲೆ ಏನೆಂದು ಜಗತ್ತಿಗೆ ತಿಳಿದದ್ದು ಎರಡು ದುರಂತಗಳಿಂದ. ೨೦೧೨ರ ಸೆಪ್ಟೆಂಬರ್ ೧೧ರಂದು ಕರಾಚಿಯ ಅಲಿ ಎಂಟರ್‌ಪ್ರೈಸಸ್ ಕಾರ್ಖಾನೆಗೆ ಬೆಂಕಿ ಬಿದ್ದು ೨೫೦ಕ್ಕೂ ಹೆಚ್ಚು ಜನ ಸತ್ತರು. ಅದು ಹಚ್ಚಿದ ಬೆಂಕಿಯೆಂದು ಅಲ್ಲಿನ ನ್ಯಾಯಾಲಯ ೨೦೨೦ರಲ್ಲಿ ತೀರ್ಮಾನಿಸಿತು. ಬೆಂಕಿಯ ಕಾರಣ ಅದೇ ಇರಲಿ. ಬಾಗಿಲುಗಳಿಗೆ ಬೀಗವಿತ್ತು, ಕಿಟಕಿಗಳಿಗೆ ಸರಳಿತ್ತು. ಆ ಕಾರ್ಖಾನೆಗೆ ಎಸ್.ಎ. ೮೦೦೦ ಪ್ರಮಾಣಪತ್ರ ಬಂದು ಕೆಲವೇ ವಾರಗಳಾಗಿದ್ದವು. ೨೦೧೩ರ ಏಪ್ರಿಲ್ ೨೪ರಂದು ಢಾಕಾದ ಬಳಿಯ ರಾಣಾ ಪ್ಲಾಜಾ ಕಟ್ಟಡ ಕುಸಿದು ೧,೧೩೪ ಜನ ಮಡಿದರು. ಅಲ್ಲಿದ್ದ ಐದು ಉಡುಪು ಕಾರ್ಖಾನೆಗಳಲ್ಲಿ ಎರಡು ಇಂಥ ತಪಾಸಣೆಗೆ ಒಳಗಾಗಿದ್ದವು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಅದೇ ಕಟ್ಟಡದ ಬ್ಯಾಂಕು ತನ್ನ ನೌಕರರನ್ನು ಮನೆಗೆ ಕಳಿಸಿತು. ಹೊಲಿಯುವವರನ್ನು ಮಾತ್ರ ಒಳಗೆ ಬರಹೇಳಿದರು. ಆ ಬಿರುಕನ್ನು ಕಂಡವರು, ಒಳಗೆ ಹೋಗಲು ಅಂಜಿದವರು ಕೆಲಸಗಾರರೇ. ಕೇಳುವವರು ಇರಲಿಲ್ಲ.

ಇನ್ನು ನಮ್ಮ ರಾಜ್ಯದ ಕಡೆಗೆ ಬರೋಣ. ಬೆಂಗಳೂರು ಸುತ್ತ ಬೆಳೆದ ಸಿದ್ಧ ಉಡುಪಿನ ಉದ್ಯಮ ೨೦೦೫ರಲ್ಲಿ ಜವಳಿ ವ್ಯಾಪಾರದ ಅಂತರರಾಷ್ಟ್ರೀಯ ಕೋಟಾ ಪದ್ಧತಿ ಕೊನೆಗೊಂಡ ಮೇಲೆ ಇನ್ನಷ್ಟು ಹಬ್ಬಿತು. ಮಂಡ್ಯ, ರಾಮನಗರ, ಹಾಸನದ ಹಳ್ಳಿಗಳಿಂದ ಹೆಣ್ಣುಮಕ್ಕಳನ್ನು ಕರೆದೊಯ್ಯುವುದರ ಜೊತೆಗೆ ಕಾರ್ಖಾನೆಗಳೇ ಆ ಜಿಲ್ಲೆಗಳಿಗೆ ಬಂದವು. ಹಾಸನದಲ್ಲಿ ಜವಳಿಗಾಗಿಯೇ ವಿಶೇಷ ಆರ್ಥಿಕ ವಲಯವಾಯಿತು.

ಕಾರ್ಖಾನೆಯೊಳಗಿನ ಸಂಗತಿಯನ್ನು ಹೊರಗೆ ಹೇಳುವ ಹಕ್ಕು ಯಾರದು ಎಂಬ ಪ್ರಶ್ನೆ ಬೆಂಗಳೂರಿನಲ್ಲಿ ೨೦೦೬ರಲ್ಲೇ ನ್ಯಾಯಾಲಯದ ಮೆಟ್ಟಿಲೇರಿತ್ತು. ಫೈಬರ್ಸ್ ಅಂಡ್ ಫ್ಯಾಬ್ರಿಕ್ಸ್ ಇಂಟರ್‌ನ್ಯಾಷನಲ್ ಎಂಬ ಜೀನ್ಸ್ ತಯಾರಿಕೆಯ ಕಂಪನಿಯ ಮೇಲೆ ಕಾರ್ಮಿಕ ಸಂಘಟನೆಗಳು ಆರೋಪ ಮಾಡಿದವು; ಕಂಪನಿ ಅದನ್ನು ಅಲ್ಲಗಳೆಯಿತು. ಆರೋಪಗಳನ್ನು ಪ್ರಚಾರ ಮಾಡದಂತೆ ನ್ಯಾಯಾಲಯ ಸಂಘಟನೆಗಳಿಗೆ ತಡೆಯಾಜ್ಞೆ ಕೊಟ್ಟಿತು. ಅವನ್ನು ಪ್ರಕಟಿಸಿದ ನೆದರ್ಲೆಂಡ್ಸಿನವರ ಮೇಲೂ ಬೆಂಗಳೂರಿನಲ್ಲಿ ಮೊಕದ್ದಮೆ ಹೂಡಲಾಯಿತು. ಕೊನೆಗೆ ೨೦೦೮ರ ಜನವರಿಯಲ್ಲಿ ಆ ದೇಶದ ಮಾಜಿ ಪ್ರಧಾನಿ ರೂಡ್ ಲುಬ್ಬರ್ಸ್ ಮಧ್ಯಸ್ಥಿಕೆ ವಹಿಸಿ ರಾಜಿ ಮಾಡಿಸಬೇಕಾಯಿತು. ಪ್ಯಾಂಟು ಹೊಲಿಯುವ ಹೆಂಗಸಿನ ಮಾತು ಸರಿಯೋ ತಪ್ಪೋ ಎಂದು ಗೊತ್ತುಪಡಿಸಲು ಒಬ್ಬ ಮಾಜಿ ಪ್ರಧಾನಿ!

೨೦೧೬ರ ಏಪ್ರಿಲ್ ೧೮, ೧೯ರ ದಿನಗಳು ಅನೇಕರಿಗೆ ನೆನಪಿರಬಹುದು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು ೫೮ ವರ್ಷ ತುಂಬುವವರೆಗೆ ತೆಗೆಯುವಂತಿಲ್ಲವೆಂದು ಕೇಂದ್ರ ಸರಕಾರ ನಿಯಮ ಬದಲಿಸಿತ್ತು. ಕನ್ನಡ ಪತ್ರಿಕೆಯೊಂದರಲ್ಲಿ ಬಂದ ವರದಿಯನ್ನು ಓದಿದ ಬೊಮ್ಮನಹಳ್ಳಿಯ ಹೆಣ್ಣುಮಕ್ಕಳು ಕಾರ್ಖಾನೆಯಿಂದ ಹೊರಬಂದು ಹೊಸೂರು ರಸ್ತೆಯಲ್ಲಿ ಕುಳಿತರು. ಯಾವ ಸಂಘದ ಕರೆಯೂ ಇರಲಿಲ್ಲ, ನಾಯಕರೂ ಇರಲಿಲ್ಲ. ಎರಡು ದಿನದಲ್ಲಿ ಅವರ ಸಂಖ್ಯೆ ಲಕ್ಷ ದಾಟಿತು. ಎರಡನೆಯ ದಿನ ಬಸ್ಸುಗಳು ಉರಿದವು, ಲಾಠಿ ಪ್ರಹಾರ ನಡೆಯಿತು. ಅಂದೇ ಸರಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ಮದುವೆಗೆ, ಹೆರಿಗೆಗೆ, ಮಗುವಿನ ಫೀಸಿಗೆ ಆ ಹಣವನ್ನೇ ನಂಬಿದವರು ಅವರು ಎಂಬುದು ನಿಯಮ ಬರೆದವರಿಗೆ ಗೊತ್ತಿರಲಿಲ್ಲ. ಕನ್ನಡದ ಒಂದು ವರದಿಯನ್ನು ಇಷ್ಟು ಗಮನವಿಟ್ಟು ಓದಿದ ಓದುಗರು ಬೇರೆ ಯಾರಿದ್ದಾರೆಂದು, ವೃತ್ತಿಯಿಂದ ಕನ್ನಡ ಮೇಷ್ಟ್ರಾದ ನಾನು ಆಗಾಗ ಯೋಚಿಸುತ್ತೇನೆ.

ಕೊರೋನಾ ಬಂತು. ೨೦೨೦ರ ಜೂನಿನಲ್ಲಿ ಶ್ರೀರಂಗಪಟ್ಟಣದಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಕಾರ್ಖಾನೆಯೊಂದು ಆರ್ಡರುಗಳು ಕಡಿಮೆಯಾದವೆಂದು ಮುಚ್ಚಿತು. ಸುಮಾರು ೧,೨೦೦ ಕೆಲಸಗಾರರು, ಹೆಚ್ಚಿನವರು ಹೆಂಗಸರು. ಅವರಲ್ಲಿ ಬಹುಮಂದಿ ಸಂಘದ ಸದಸ್ಯರು. ವಾರಗಟ್ಟಲೆ ಕಾರ್ಖಾನೆಯ ಗೇಟಿನ ಮುಂದೆ ಕುಳಿತರು. ಅವರು ಹೊಲಿಯುತ್ತಿದ್ದದ್ದು ಸ್ವೀಡನ್ನಿನ ಎಚ್ ಅಂಡ್ ಎಂ ಕಂಪನಿಗೆ. ಆ ಕಂಪನಿ ಜಾಗತಿಕ ಕಾರ್ಮಿಕ ಒಕ್ಕೂಟದೊಡನೆ ಮೊದಲೇ ಒಂದು ಒಪ್ಪಂದ ಮಾಡಿಕೊಂಡಿತ್ತು. ಅದನ್ನು ಹಿಡಿದು ಕೇಳಿದಾಗ ಮಾತುಕತೆಯ ಬಾಗಿಲು ತೆರೆಯಿತು. ೨೦೨೧ರ ಆರಂಭದಲ್ಲಿ, ಕೆಲಸ ಕಳೆದುಕೊಂಡವರನ್ನು ಕಂಪನಿಯ ಬೇರೆ ಘಟಕಗಳಲ್ಲಿ ಮತ್ತೆ ತೆಗೆದುಕೊಳ್ಳುವ ಒಡಂಬಡಿಕೆಯಾಯಿತು.

ಅದಕ್ಕಿಂತ ದೊಡ್ಡ ಸಂಗತಿ ಸದ್ದಿಲ್ಲದೆ ನಡೆಯುತ್ತಿತ್ತು. ಕನಿಷ್ಠ ವೇತನದ ಜೊತೆಗೆ ಬೆಲೆಯೇರಿಕೆಯನ್ನು ಸರಿದೂಗಿಸುವ ತುಟ್ಟಿಭತ್ಯೆ ಪ್ರತಿವರ್ಷ ಏಪ್ರಿಲಿನಿಂದ ಏರಬೇಕು. ೨೦೨೦ರ ಏಪ್ರಿಲಿನಿಂದ ಏರಬೇಕಾದದ್ದು ತಿಂಗಳಿಗೆ ಸುಮಾರು ೪೧೭ ರೂಪಾಯಿ. ಕಷ್ಟಕಾಲವೆಂದು ರಾಜ್ಯ ಸರಕಾರ ಅದನ್ನು ಮುಂದೂಡಿ ಆದೇಶ ಹೊರಡಿಸಿತು. ಗಾರ್ಮೆಂಟ್ಸ್ ಕಾರ್ಮಿಕರ ಸಂಘ ಹೈಕೋರ್ಟಿಗೆ ಹೋಯಿತು. ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಬಾಕಿಸಮೇತ ಕೊಡಬೇಕೆಂದಿತು. ಆದರೂ ಉದ್ಯಮದ ಬಹುಭಾಗ ಕೊಡಲಿಲ್ಲ. ಒಂದೂವರೆ ವರ್ಷಕ್ಕೂ ಮೇಲ್ಪಟ್ಟು, ನಾಲ್ಕು ಲಕ್ಷಕ್ಕೂ ಹೆಚ್ಚು ಕೆಲಸಗಾರರಿಗೆ ಕಾನೂನು ಹೇಳಿದ ಕನಿಷ್ಠ ಕೂಲಿ ಸಿಗಲಿಲ್ಲ. ೪೧೭ ರೂಪಾಯಿ ಎಂದರೆ ಸಣ್ಣ ಮೊತ್ತವೆಂದು ಪಿಂಚಣಿ ಪಡೆಯುವ ನನ್ನಂಥವನು ಭಾವಿಸಬಹುದು. ತಿಂಗಳಿಗೆ ಹತ್ತು ಸಾವಿರ ಮುಟ್ಟದ ಸಂಬಳದಲ್ಲಿ ಅದು ಒಂದು ಸಂಸಾರದ ಹಾಲಿನ ಲೆಕ್ಕ, ಇಲ್ಲವೆ ಮಗುವಿನ ಔಷಧಿ.

ಅಷ್ಟು ಕಾಲವೂ ಆಡಿಟುಗಳು ನಿಂತಿರಲಿಲ್ಲ. ಜಗತ್ಪ್ರಸಿದ್ಧ ಕಂಪನಿಗಳಿಗೆ ಹೊಲಿಯುವ, ನೀತಿಸಂಹಿತೆಗಳನ್ನು ಗೋಡೆಗೆ ತೂಗುಹಾಕಿದ ಕಾರ್ಖಾನೆಗಳು ಅವು. ಪ್ರತಿಯೊಂದು ಸಂಹಿತೆಯ ಮೊದಲ ಪಾಠವೇ ಕಾನೂನಿನ ಕನಿಷ್ಠ ಕೂಲಿ. ಕೂಲಿಯ ಪುಸ್ತಕ ತೆರ್ರೆದರೆ ಸಾಕು, ಕೂಡಿ ಕಳೆಯುವ ಲೆಕ್ಕ, ಗುಟ್ಟೇನೂ ಇಲ್ಲ. ಆದರೂ ಆ ಕೊರತೆ ಹೊರಬಂದದ್ದು ತಪಾಸಣೆಯ ವರದಿಗಳಿಂದಲ್ಲ. ಬೆಂಗಳೂರಿನ ಕಾರ್ಮಿಕ ಸಂಘದಿಂದ, ಮತ್ತು ಕೆಲಸಗಾರರನ್ನು ಕಾರ್ಖಾನೆಯ ಹೊರಗೆ ಮಾತಾಡಿಸುವ ಪದ್ಧತಿಯುಳ್ಳ ವಾಷಿಂಗ್‌ಟನ್ನಿನ ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಎಂಬ ಸಂಸ್ಥೆಯಿಂದ. ೨೦೨೧ರ ಡಿಸೆಂಬರಿನಲ್ಲಿ ಲಂಡನ್ನಿನ ಗಾರ್ಡಿಯನ್ ಪತ್ರಿಕೆ ಇದನ್ನು ಬರೆದಾಗ ಕೊಳ್ಳುವ ಕಂಪನಿಗಳು ಎಚ್ಚೆತ್ತವು. ಉದ್ಯಮದಲ್ಲಿ ಅತಿ ದೊಡ್ಡದಾದ ಶಾಹಿ ಎಕ್ಸ್‌ಪೋರ್ಟ್ಸ್ ಬಾಕಿ ಕೊಡುವುದಾಗಿ ಮೊದಲು ಒಪ್ಪಿತು. ೨೦೨೨ರ ಮೊದಲ ತಿಂಗಳುಗಳಲ್ಲಿ ಉಳಿದವರಲ್ಲಿ ಹೆಚ್ಚಿನವರೂ ಕೊಡತೊಡಗಿದರು.

ಆಡಿಟಿನಿಂದ ಏನೂ ಆಗಿಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. ರಫ್ತಿನ ದೊಡ್ಡ ಕಾರ್ಖಾನೆಗಳಲ್ಲಿ ಮಕ್ಕಳು ದುಡಿಯುವುದು ಬಹುಮಟ್ಟಿಗೆ ನಿಂತದ್ದಕ್ಕೆ, ತುರ್ತು ಬಾಗಿಲುಗಳು ತೆರೆದುಕೊಂಡದ್ದಕ್ಕೆ ಅದೂ ಕಾರಣ. ಕಣ್ಣಿಗೆ ಕಾಣುವುದನ್ನು ಅದು ತಿದ್ದುತ್ತದೆ. ಬಯ್ಗುಳ, ಭಯ, ಶೌಚಕ್ಕೆ ಹೋಗಲು ಹಿಂಜರಿದು ಮಧ್ಯಾಹ್ನದವರೆಗೆ ನೀರು ಕುಡಿಯದೆ ಕೂರುವ ಅಭ್ಯಾಸ, ಇವು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಬೀಳಬೇಕು. ೨೦೨೫ರ ನವೆಂಬರ್ ೨೧ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ೧೯೪೮ರ ಕಾಯಿದೆ ತೆರೆಮರೆಗೆ ಸರಿಯಿತು. ಹೊಸ ಸಂಹಿತೆಯಲ್ಲಿ ಇನ್ಸ್‌ಪೆಕ್ಟರ ಹೆಸರು ‘ಇನ್ಸ್‌ಪೆಕ್ಟರ್ ಕಂ ಫೆಸಿಲಿಟೇಟರ್’, ಅಂದರೆ ಪರೀಕ್ಷಕರೂ ಹೌದು, ನೆರವಾಗುವವರೂ ಹೌದು. ನೆರವು ಯಾರಿಗೆ ಎಂಬುದು ಹೆಸರಿನಿಂದ ತಿಳಿಯುವುದಿಲ್ಲ.

ಆ ಭಾನುವಾರ ನನ್ನ ವಿದ್ಯಾರ್ಥಿನಿ ಹೊರಡುವ ಮುಂಚೆ ಬಾಕಿಯ ಹಣದ ಬಗೆಗೆ ವಿಚಾರಿಸಿದೆ. “ಬಂತು ಸಾರ್, ಒಟ್ಟಿಗೇ ಬಂತು. ನಮ್ಮತ್ತೆ ಕಣ್ಣಿನ ಆಪರೇಷನ್‌ಗೆ ಆಯ್ತು,” ಎಂದಳು. ಆ ಹಣ ಎಲ್ಲಿಂದ ಬಂತು, ಯಾರು ಕೇಳಿದ್ದರಿಂದ ಬಂತು ಎಂದು ಆಕೆಗೆ ತಿಳಿದಿರಲಿಲ್ಲ. ಕಂಪನಿ ಕೊಟ್ಟ ಬೋನಸ್ ಎಂದುಕೊಂಡಿದ್ದಳು. ಹೈಕೋರ್ಟಿನ ಕಥೆಯನ್ನೆಲ್ಲ ಹೇಳಿದೆ. ತರಗತಿಯಲ್ಲಿ ಕೇಳುತ್ತಿದ್ದಂತೆಯೇ ಗಲ್ಲಕ್ಕೆ ಕೈಯಿಟ್ಟು ಕೇಳಿದಳು.

“ಆವತ್ತು ಆ ಆಡಿಟರು ಕನ್ನಡದಲ್ಲೇ, ಯಾರೂ ಪಕ್ಕದಲ್ಲಿ ಇಲ್ಲದಾಗ ಕೇಳಿದ್ದರೆ ಏನು ಹೇಳುತ್ತಿದ್ದೆ?” ಎಂದೆ. ಸೂಪರ್‌ವೈಸರನ ಕೂಗಾಟವನ್ನೋ ಮಾಸ್ಕಿನ ಸಂಗತಿಯನ್ನೋ ಹೇಳುವಳೆಂದು ನಾನು ಎಣಿಸಿದ್ದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿದಳು.

“ಬೆಳಗ್ಗೆ ಆ ಬಸ್ಸು ಊರೂರು ಸುತ್ಕೊಂಡು ಹೋಗ್ತದಲ್ಲ ಸಾರ್, ಹೋಗಿ ಬರಕ್ಕೇ ಮೂರು ಗಂಟೆ. ಮಗೀನ ಎದ್ದಿದ್ದಾಗ ನೋಡಾದು ಭಾನುವಾರ ಮಾತ್ರ. ಅದನ್ನ ಎಂಟು ಗಂಟೆ ಲೆಕ್ಕಕ್ಕೆ ಸೇರಿಸ್ತಾರಾ ಅಂತ ಕೇಳ್ತಿದ್ದೆ.”